ಅಕ್ಕನ ಹೆಸರು, ತಂಗಿಯ ರಕ್ತ

ನನ್ನ ಬಾಯಿ ಜೋರು. ಮೂವತ್ತೆರಡು ವರ್ಷ ಸರ್ಕಾರಿ ದಾದಿಯಾಗಿ ಹಳ್ಳಿ ಹಳ್ಳಿ ತಿರುಗಿದವಳ ಬಾಯಿ ಮೆತ್ತಗಿದ್ದರೆ ಆಗುವುದಿಲ್ಲ. ಪಟೇಲರನ್ನೂ ಬೈದಿದ್ದೇನೆ, ಕುಡಿದು ಬಂದ ಗಂಡಂದಿರನ್ನು ಹೆರಿಗೆ ಕೋಣೆಯಿಂದ ರಟ್ಟೆ ಹಿಡಿದು ಆಚೆ ಹಾಕಿದ್ದೇನೆ. ಆದರೆ ಬಾಯಿ ಬಿಡಲೇಬೇಕಾದ ಒಂದು ಕಡೆ ಬಿಡಲಿಲ್ಲ. ಅದು ಎಪ್ಪತ್ನಾಲ್ಕನೇ ಇಸವಿಯ ಮಾತು. ಇಷ್ಟು ದಿನ ಯಾರಿಗೂ ಪೂರ್ತಿ ಹೇಳದ ಅದನ್ನು ಈಗ ಬರೆದಿಡುತ್ತಿದ್ದೇನೆ.

ಆಗ ನಾನು ಹೊಳಲ್ಕೆರೆ ತಾಲ್ಲೂಕಿನಲ್ಲಿ, ಹೊರಕೆರೆದೇವಪುರದಿಂದ ನಾಲ್ಕು ಮೈಲಿ ಆಚೆಯ ಒಂದು ಹಳ್ಳಿಯಲ್ಲಿದ್ದೆ. ಊರಿನ ಹೆಸರು ಬೇಡ, ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಆಸ್ಪತ್ರೆ ಎಂದರೆ ಒಂದು ಕೋಣೆ, ಒಂದು ಮೇಜು, ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಆ ತ್ರಿಕೋನ ಕಂಡರೆ ಹೆಂಗಸರು ಸೆರಗು ಬಿಗಿ ಮಾಡಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದರು. ನಾನು ಬೀದಿಗೆ ಬಂದರೆ ‘ಲೂಪು ನರ್ಸಮ್ಮ ಬಂದ್ಳು, ಒಳಗೆ ಹೋಗ್ರೇ’ ಎಂದು ಕೂಗಿ ಹೇಳುವ ಮುದುಕಿಯರೂ ಇದ್ದರು. ಇಂಥ ಊರಲ್ಲಿ ಬಸುರಿಯರ ರಕ್ತ ತೆಗೆದು ಕಳಿಸಬೇಕು ಎಂದು ಡಾಕ್ಟರ್ ತಿಪ್ಪೇರುದ್ರಪ್ಪ ಹೇಳಿದಾಗ ನನಗೆ ನಗು ಬಂತು. ನೀರಿಲ್ಲದ ಬಾವಿಗೆ ಹಗ್ಗ ಬಿಟ್ಟ ಹಾಗೆ ಎಂದುಕೊಂಡೆ.

ಡಾಕ್ಟರ್ ತಿಪ್ಪೇರುದ್ರಪ್ಪ ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದವರು. ಹುಟ್ಟಿದ್ದು ಮಾತ್ರ ನಮ್ಮ ಚಿಕ್ಕಜಾಜೂರಿನ ಪಕ್ಕ. ಉದ್ದಕ್ಕೆ, ಕಡ್ಡಿಯಂಥ ಮನುಷ್ಯ. ಹೊಳಲ್ಕೆರೆಯಲ್ಲಿ ದಾದಿಯರ ಸಭೆ ಕರೆದು ನಮಗೆಲ್ಲ ವಿಷಯ ತಿಳಿಸಿದರು. ಬೇರೆ ಡಾಕ್ಟರುಗಳ ಹಾಗೆ ಇಂಗ್ಲಿಷ್ ಉದುರಿಸಲಿಲ್ಲ.

“ತಾಯಿ ರಕ್ತ ನೆಗೆಟಿವ್ ಇರ್ತೈತೆ, ಹೊಟ್ಟೆಯಾಗಿನ ಕೂಸಿಂದು ಪಾಸಿಟಿವ್. ಮೊದಲ್ನೇ ಹೆರಿಗೇಲಿ ಕೂಸಿನ ರಕ್ತ ಒಂದೆರಡು ತೊಟ್ಟು ತಾಯಿ ಮೈಗೆ ಸೇರ್ತೈತೆ. ತಾಯಿ ಮೈ ಅದನ್ನ ಹೊರಗಿನೋರು ಅಂತ ತಿಳಕಂಡು ಕಾವಲು ಇಡ್ತೈತೆ. ಎರಡ್ನೇ ಕೂಸು ಬಂದಾಗ ಆ ಕಾವಲಿನೋರು ಹಳೇ ಗುರುತು ಹಿಡಿದು ಕೂಸಿನ ರಕ್ತಾನೇ ಒಡೆದು ಹಾಕ್ತಾರೆ. ಕೂಸು ಅರಿಶಿಣ ಬಳಿದಂಗೆ ಹಳದಿ ಆಗಿ ಹೋಗ್ಬಿಡ್ತೈತೆ. ನಮ್ಮ ಕಡೆ ಅದಕ್ಕೆ ಗಾಳಿ ಅಂತಾರೆ, ದೃಷ್ಟಿ ಅಂತಾರೆ, ಕೊನೆಗೆ ತಾಯಿ ಕಾಲ್ಗುಣ ಅಂತಾರೆ” ಎಂದರು. ಆಮೇಲೆ, “ನಮ್ಮವ್ವ ಐದು ಕಳಕಂಡ್ಳು. ನಾನು ಹುಟ್ಟಿದಾಗ ತಿಪ್ಪೆ ಮೇಲೆ ಹೊಳ್ಳಿಸಿ, ಒಂದು ಮೊರ ತೌಡು ಕೊಟ್ಟು ಕೊಂಡ್ಕಂಡ್ರಂತೆ. ಅದಕ್ಕೇ ಈ ಹೆಸರು. ಬದುಕಿದ್ದು ತಿಪ್ಪೆಯಿಂದಲ್ಲ. ನನ್ನ ರಕ್ತಾನೂ ಅವ್ವನ ಹಂಗೇ ನೆಗೆಟಿವ್ ಇತ್ತು, ಕಾವಲಿನೋರು ಸುಮ್ನೆ ಬಿಟ್ರು” ಎಂದರು.

ಅವರ ಕೆಲಸದ ಕ್ರಮ ಹೀಗಿತ್ತು. ನಾವು ಪ್ರತಿ ಬಸುರಿಯ ತೋಳಿನಿಂದ ಒಂದು ಚಮಚದಷ್ಟು ರಕ್ತ ತೆಗೆದು, ಸೀಸೆಗೆ ಹೆಸರಿನ ಚೀಟಿ ಅಂಟಿಸಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಚಿಕ್ಕಜಾಜೂರಿಗೆ ಬಸ್ಸಿನಲ್ಲಿ ಒಯ್ಯಬೇಕು. ಅಲ್ಲಿಂದ ಬೆಂಗಳೂರು ರೈಲಿನ ಗಾರ್ಡ್ ಕೈಗೆ ಕೊಡಬೇಕು. ನೆಗೆಟಿವ್ ಬಂದ ತಾಯಂದಿರ ಹೆಸರನ್ನು ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕೆಂಪು ಪಟ್ಟಿಗೆ ಬಂದ ಪ್ರತಿ ತಾಯಿಗೂ ಒಂಬತ್ತು ತಿಂಗಳು ತುಂಬುವ ಮೊದಲೇ ದುರ್ಗದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ. ಅಷ್ಟರಲ್ಲಿ ರಕ್ತ ಹೊಂದುವ ಇಬ್ಬರನ್ನು ಹುಡುಕಿ, ಇಂಥ ವಾರ ಊರು ಬಿಟ್ಟು ಹೋಗಬೇಡಿ ಎಂದು ಹೇಳಿ ಇಟ್ಟಿರುತ್ತಿದ್ದರು. ಕೂಸು ಹಳದಿಯಾದರೆ ಅದರ ಕೆಟ್ಟ ರಕ್ತ ಸ್ವಲ್ಪ ಸ್ವಲ್ಪವೇ ತೆಗೆದು ಒಳ್ಳೆಯದನ್ನು ಸ್ವಲ್ಪ ಸ್ವಲ್ಪವೇ ತುಂಬುವುದು. ಹಾಗೆ ಆ ವರ್ಷ ನಾಲ್ಕು ತಾಲ್ಲೂಕಿನಲ್ಲಿ ಆರು ಕೂಸು ಉಳಿದಿದ್ದವು. ಇಂಥ ತಾಯಂದಿರು ನಮ್ಮಲ್ಲಿ ಎಷ್ಟಿದ್ದಾರೆಂದು ಕಾಗದದ ಮೇಲೆ ತೋರಿಸಿದರೆ, ಈ ರೋಗ ಬಾರದ ಹಾಗೆ ಮೊದಲ ಹೆರಿಗೆಯಲ್ಲೇ ಕೊಡುವ ವಿದೇಶದ ಸೂಜಿಮದ್ದನ್ನು ಸರ್ಕಾರ ತರಿಸೀತು ಎಂಬುದು ಅವರ ಆಸೆ.

ನನಗೂ ಹುಮ್ಮಸ್ಸು ಬಂತು. ಬೈದು, ರಮಿಸಿ, ಎಲೆಅಡಿಕೆ ಕೊಟ್ಟು, ಎಂಟು ತಿಂಗಳಲ್ಲಿ ನೂರ ಹದಿನೆಂಟು ಸೀಸೆ ಕಳಿಸಿದೆ. ಬೇರೆ ಯಾರೂ ಐವತ್ತು ದಾಟಿರಲಿಲ್ಲ. ಮುಂದಿನ ಸಭೆಯಲ್ಲಿ ಡಾಕ್ಟರು ಎಲ್ಲರ ಮುಂದೆ, “ಚಂದ್ರಕ್ಕನೋರ ಹಂಗೆ ಕೆಲಸ ಮಾಡ್ರಿ” ಎಂದರು. ಆ ಮಾತು ನನ್ನ ತಲೆಗೇರಿತು. ಆದದ್ದಕ್ಕೆಲ್ಲ ಅರ್ಧ ಕಾರಣ ಅದೇ.

ಆ ನೂರ ಹದಿನೆಂಟರಲ್ಲಿ ಕೆಂಚಕ್ಕನ ಮನೆಯದೂ ಒಂದು. ಕೆಂಚಕ್ಕನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಬೋರಣ್ಣನಿಗೆ ಹನುಮಮ್ಮನನ್ನು ತಂದು, ಚಿಕ್ಕವನಿಗೆ ಅವಳ ಒಡಹುಟ್ಟಿದ ತಂಗಿ ಯಲ್ಲಕ್ಕನನ್ನೇ ತಂದಿದ್ದಳು. ಹನುಮಮ್ಮನಿಗೆ ಮೊದಲನೆಯದು ಹೆಣ್ಣು, ಏಳು ವರ್ಷದ್ದು, ಗಟ್ಟಿಯಾಗಿತ್ತು. ಆಮೇಲಿನ ಎರಡೂ ಹುಟ್ಟಿ ಮೂರು ದಿನದೊಳಗೆ ಹಳದಿಯಾಗಿ ಹೋಗಿದ್ದವು. ಈಗ ಮತ್ತೆ ಐದು ತಿಂಗಳು. ಡಾಕ್ಟರು ಹೇಳಿದ ಕಥೆ ಈ ಮನೆಯದೇ ಎಂದು ನನಗೆ ಅಂದೇ ಅನ್ನಿಸಿತ್ತು. ಅದಕ್ಕೇ ಆ ಮನೆಗೆ ಐದು ಸಲ ಅಲೆದೆ. ಕೆಂಚಕ್ಕ ಬಾಗಿಲಿಗೆ ಅಡ್ಡ ಕೂತು ಬಿಡಲಿಲ್ಲ.

“ಆಗಾಕಿಲ್ಲ ನರ್ಸಮ್ಮ. ಬಸುರಿ ಮೈಯಾಗಿಂದು ಒಂದು ತೊಟ್ಟು ಹೋದ್ರೂ ಅದು ಕೂಸಿನ ಪಾಲು. ಎಲ್ಡು ಮಣ್ಣಿಗೆ ಹಾಕಿದೀವಿ, ಇದನ್ನ ನಿನ್ನ ಬಾಟ್ಲಿಗೆ ಹಾಕಾನಾ?”

“ಒಂದು ಚಮಚ ಕಣಕ್ಕ. ನೀನು ದಿನಾ ಎಲೆಅಡಿಕೆ ತಿಂದು ಉಗುಳೋದು ಅದಕ್ಕಿಂತ ಜಾಸ್ತಿ ಐತೆ.”

“ನನ್ನ ಬಾಯಿ ವಿಷ್ಯ ಬ್ಯಾಡ, ನಿನ್ನ ಬಾಯೇನು ಕಮ್ಮಿನಾ” ಎಂದಳು. ಆಮೇಲೆ ಏನೋ ಹೊಳೆದವಳಂತೆ, “ರಕ್ತ ತಾನೇ ನಿಂಗೆ ಬೇಕು? ಯಲ್ಲಿ ಕೊಡ್ತಾಳೆ ತಗ. ಒಂದೇ ಹೊಟ್ಟೇಲಿ ಹುಟ್ಟಿದೋರು, ಒಂದೇ ಎದೆ ಹಾಲು ಕುಡಿದೋರು, ರಕ್ತ ಬ್ಯಾರೆ ಆಗ್ತೈತಾ? ಹೋದ ಶ್ರಾವಣದಾಗೆ ಅಕ್ಕನ ಹರಕೆ ಉರುಳು ಸೇವೇನ ಇವಳೇ ಮಾಡ್ಲಿಲ್ವಾ? ದೇವರೇ ಒಪ್ಕಂಡೈತೆ, ನಿನ್ನ ಡಾಕ್ಟ್ರೇನು ದೇವರಿಗಿಂತ ದೊಡ್ಡೋನಾ?”

ಆ ಊರಲ್ಲಿ ಆ ಪದ್ಧತಿ ಇತ್ತು. ಬಸುರಿ ಹೊತ್ತ ಹರಕೆಯನ್ನು ಒಡಹುಟ್ಟಿದವಳು ತೀರಿಸಬಹುದು. ಉಪವಾಸ, ಉರುಳು ಸೇವೆ, ಮುಡಿ ಕೊಡುವುದು, ಎಲ್ಲ ನಡೆಯುತ್ತಿತ್ತು. ನನಗೆ ತರಬೇತಿಯಲ್ಲಿ ಸೂಜಿ ಕುದಿಸುವುದನ್ನು ಹದಿನೈದು ದಿನ ಹೇಳಿಕೊಟ್ಟಿದ್ದರು, ರಕ್ತದ ಗುಂಪಿನ ವಿಷಯ ಅರ್ಧ ದಿನ. ಒಂದೇ ತಾಯಿಯ ಮಕ್ಕಳ ರಕ್ತ ಒಂದೇ ಇದ್ದೀತು ಎಂದು ನನಗೂ ಅನ್ನಿಸಿತು. ನಿಜ ಹೇಳಬೇಕೆಂದರೆ ನಂಬಿಕೆಗಿಂತ ದಣಿವು ಹೆಚ್ಚಿತ್ತು, ಹನ್ನೊಂದರ ಬಸ್ಸು ತಪ್ಪುವುದಿತ್ತು. ಯಲ್ಲಕ್ಕ ಬಂದು ಜಗಲಿಯ ಮೇಲೆ ಕೂತು ತೋಳು ಚಾಚಿದಳು. ತೆಗೆದೆ. ಚೀಟಿಯ ಮೇಲೆ ‘ಹನುಮಮ್ಮ, ಗಂಡ ಬೋರಣ್ಣ’ ಎಂದು ಬರೆದೆ.

ಒಂದು ತಿಂಗಳಿಗೆ ಡಾಕ್ಟರ ಕಾಗದ ಬಂತು. ಹನುಮಮ್ಮನ ರಕ್ತ ಪಾಸಿಟಿವ್, ಅದರಲ್ಲಿ ಕೂಸನ್ನು ಕೊಲ್ಲುವಂಥದ್ದೇನೂ ಇಲ್ಲ. ಆದರೆ ನಾನು ಸೀಸೆಯ ಜೊತೆ ಬರೆದು ಕಳಿಸಿದ್ದ, ಹೋದ ಎರಡು ಕೂಸುಗಳ ಕಥೆ ನೋಡಿದರೆ ಅದೇ ರೋಗ. ಹೀಗೆ ಒಂದಕ್ಕೊಂದು ಕೂಡದ ತಾಯಿ ತಮ್ಮ ಪಟ್ಟಿಯಲ್ಲೇ ಇನ್ನೊಬ್ಬಳಿಲ್ಲ, ಇನ್ನೊಂದು ಸಲ ರಕ್ತ ಕಳಿಸಿ ಎಂದು ಬರೆದಿದ್ದರು. ಕಾಗದದ ಜೊತೆ ಒಂದು ಕರಪತ್ರವೂ ಇತ್ತು. ಅದರ ಮೂರನೇ ಸಾಲಿನಲ್ಲೇ ಇತ್ತು, ಒಡಹುಟ್ಟಿದವರ ರಕ್ತ ಬೇರೆ ಬೇರೆ ಇರಬಹುದು ಎಂದು.

ಆ ಸಾಲನ್ನು ಎರಡು ಸಲ ಓದಿದೆ. ಆ ಗಳಿಗೆಯಲ್ಲಿ ಎದ್ದು ಹೋಗಿ ಕೆಂಚಕ್ಕನನ್ನು ಪಕ್ಕಕ್ಕೆ ತಳ್ಳಿ ಹನುಮಮ್ಮನ ರಕ್ತ ತೆಗೆದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಎರಡನೆಯದು ನೆಗೆಟಿವ್ ಬಂದರೆ ಮೊದಲನೆಯದು ಯಾರದು ಎಂದು ಕೇಳುತ್ತಾರೆ. ಎಲ್ಲರ ಮುಂದೆ ಹೊಗಳಿದವರು ಎಲ್ಲರ ಮುಂದೆ ಉಗಿಯುತ್ತಾರೆ. ಒಂದು ಸುಳ್ಳು ಮುಚ್ಚಲು ಇನ್ನೊಂದು ಹೇಳಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಮತ್ತೆ ಯಲ್ಲಕ್ಕನನ್ನೇ ಆಸ್ಪತ್ರೆಗೆ ಕರೆಸಿದೆ.

“ಇದರಿಂದ ಅಕ್ಕಂಗೆ ಒಳ್ಳೇದಾಗ್ತೈತಾ ನರ್ಸಮ್ಮ?” ಎಂದು ಕೇಳಿದಳು ಆ ಹುಡುಗಿ.

“ಹೂಂ” ಎಂದೆ.

“ಹಂಗಾರೆ ಎಷ್ಟು ಬೇಕಾದ್ರೂ ತಗಳ್ರಿ.”

ಅವಳ ಮುಖ ನೋಡಲಾಗದೆ ಸೂಜಿಯನ್ನೇ ನೋಡುತ್ತ ಕೆಲಸ ಮುಗಿಸಿದೆ. ಆ ಸೀಸೆಯೂ ಅದೇ ಹೆಸರು ಹೊತ್ತು ಬೆಂಗಳೂರಿಗೆ ಹೋಯಿತು.

ಅದಾಗಿ ಎರಡು ತಿಂಗಳಿಗೆ, ಒಂದು ಬುಧವಾರ ಬೆಳಿಗ್ಗೆ, ಡಾಕ್ಟರು ಜೀಪಿನಲ್ಲಿ ಬಂದಿಳಿದರು. ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ಕೈಚೀಲದಿಂದ ಟೈಪ್ ಮಾಡಿದ ಕಾಗದದ ಕಂತೆ ತೆಗೆದು ಮೇಜಿನ ಮೇಲಿಟ್ಟರು. ದೆಹಲಿಯ ದೊಡ್ಡ ಸಭೆಯಲ್ಲಿ ಓದುವ ಪ್ರಬಂಧ. ಹೋದ ಎರಡು ತಿಂಗಳು ಬೇರೆಲ್ಲ ಬಿಟ್ಟು ಆ ರಕ್ತದ ಹಿಂದೆಯೇ ಬಿದ್ದಿದ್ದರಂತೆ.

“ನಮ್ಮ ಯಾವ ಪರೀಕ್ಷೆಗೂ ಸಿಗದ ಇನ್ನೊಂದು ಬಗೆ ಕಾವಲು ಆಯಮ್ಮನ ಮೈಯಾಗೈತೆ ಚಂದ್ರಕ್ಕ. ಪಾಸಿಟಿವ್ ತಾಯಿ, ಆದ್ರೂ ಕೂಸು ಹಳದಿ ಆಗಿ ಹೋಗೈತೆ. ಇದನ್ನ ಇನ್ನೂ ಯಾರೂ ನೋಡಿಲ್ಲ. ಹೆರಿಗೆ ಟೈಮಿಗೆ ನಾನೇ ಇಲ್ಲಿದ್ದು ಹೊಕ್ಕಳುಬಳ್ಳಿ ರಕ್ತ ತಗಬೇಕು. ನೀವು ಎಲ್ಡೆಲ್ಡು ಸಲ ಕಳಿಸದೆ ಹೋಗಿದ್ರೆ ಇದು ಸಿಕ್ತಾನೇ ಇರ್ಲಿಲ್ಲ” ಎಂದರು. ಆ ಕಾಗದದ ಕೊನೆಯಲ್ಲಿ, ಉಪಕಾರ ನೆನೆಯುವ ಸಾಲಿನಲ್ಲಿ, ನನ್ನ ಹೆಸರೂ ಇತ್ತು. ಬೆರಳಿಟ್ಟು ತೋರಿಸಿದರು.

ಕೆಲಸ ಹೋಗುವ ಭಯವನ್ನು ಈ ಮಾತು ದಾಟಿತ್ತು. ಒಬ್ಬ ತಿಳಿದ ಮನುಷ್ಯ ನನ್ನ ಸುಳ್ಳನ್ನು ಹಿಡಿದು ಎರಡು ತಿಂಗಳು ನಿದ್ದೆಗೆಟ್ಟಿದ್ದ. ಕೆಂಚಕ್ಕನ ಮನೆಯಲ್ಲಿ ಒಬ್ಬಳು ಯಾವ ಏರ್ಪಾಡೂ ಇಲ್ಲದೆ ದಿನ ಎಣಿಸುತ್ತಿದ್ದಳು. ನಾನು ಕುರ್ಚಿಯಿಂದ ಎದ್ದು ನಿಂತೆ.

“ಸಾರ್, ಅದು ಹನುಮಮ್ಮನ ರಕ್ತ ಅಲ್ಲ. ತಂಗೀದು. ಎರಡು ಸಲಾನೂ ತಂಗೀದೇ.”

ಅವರು ಬೈಯಲಿಲ್ಲ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. “ಈಗೆಷ್ಟು ತಿಂಗಳು?” ಎಂದರು.

“ಎಂಟೂವರೆ.”

ಕಾಗದದ ಕಂತೆ ಅಲ್ಲೇ ಬಿಟ್ಟು ಎದ್ದರು. “ನಡೀರಿ ಹೋಗಾಣ.”

ಕೆಂಚಕ್ಕ ಅಂದೂ ಬಾಗಿಲಲ್ಲೇ ಇದ್ದಳು. ಡಾಕ್ಟರು ಚಪ್ಪಲಿ ಬಿಟ್ಟು, ಅವಳ ಮುಂದೆ ನೆಲದ ಮೇಲೆ ಕೂತು, “ಅವ್ವಾ, ನಾನೂ ಐದು ಹೋದ ಮೇಲೆ ಹುಟ್ಟಿದೋನು. ನನ್ನ ಮಾತು ಒಂದು ಕೇಳು” ಎಂದರು. ಕೆಂಚಕ್ಕ ಎದ್ದು ದಾರಿ ಬಿಟ್ಟಳು. ನಾನು ಐದು ಸಲ ಅಲೆದು ಜಗಳ ಆಡಿದ್ದ ಬಾಗಿಲು ಅದು.

ಹನುಮಮ್ಮ ಒಳಗೆ ಒರಳಿನ ಪಕ್ಕ ನಿಂತಿದ್ದಳು. ಕೈ ಚಾಚಿದಳು. ಡಾಕ್ಟರು ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಫ್ಲಾಸ್ಕಿನಲ್ಲಿ ತಂದಿದ್ದ ಮದ್ದು ಒಂದು ತೊಟ್ಟು ಬೆರೆಸಿ, ಅಂಗಳದ ಬಿಸಿಲಿಗೆ ಹಿಡಿದು ಅತ್ತಿತ್ತ ತೂಗಿದರು. ಪಾಸಿಟಿವ್ ಆಗಿದ್ದರೆ ಕೆಂಪು ಹರಳು ಹರಳಾಗಿ ಒಡೆಯಬೇಕು. ಒಡೆಯಲಿಲ್ಲ. ನೀರಿನ ಹಾಗೆ ಹರಿಯಿತು.

ಮಧ್ಯಾಹ್ನದ ಹೊತ್ತಿಗೆ ದುರ್ಗ ಮುಟ್ಟಿದೆವು. ಲೇಡಿ ಡಾಕ್ಟರು ಅವತ್ತೇ ನೋವು ಬರುವ ಮದ್ದು ಕೊಟ್ಟರು. ಗುರುವಾರ ಬೆಳಿಗ್ಗೆ ಎಂಟಕ್ಕೆ ಗಂಡುಕೂಸು ಹುಟ್ಟಿತು. ಅತ್ತಿತು. ಮೂಗು ಅಪ್ಪನದು, ಕೂದಲು ದಟ್ಟ. ಹುಟ್ಟುವಾಗಲೇ ಹೊಕ್ಕಳುಬಳ್ಳಿಗೆ ಹಳದಿ ಬಣ್ಣ ಇತ್ತು. ಹನುಮಮ್ಮನ ಹೆಸರು ಕೆಂಪು ಪಟ್ಟಿಯಲ್ಲಿದ್ದಿದ್ದರೆ ರಕ್ತ ಕೊಡುವ ಇಬ್ಬರು ಹೊರಗೆ ಬೆಂಚಿನ ಮೇಲೆ ಕಾದಿರುತ್ತಿದ್ದರು. ಈಗ ಒಬ್ಬರೂ ಇರಲಿಲ್ಲ. ಡಾಕ್ಟರು ತಮ್ಮ ಅಂಗಿಯ ತೋಳು ಮಡಚಿ ಮಲಗಿ, ಹೊಂದುತ್ತಿದ್ದ ತಮ್ಮದೇ ರಕ್ತ ಒಂದು ಬಾಟ್ಲಿ ಕೊಟ್ಟರು. ಅರ್ಧ ಗಂಟೆ ಕಳೆಯುವುದರೊಳಗೆ ಎದ್ದು, ಬಿಳಿಚಿದ ಮುಖದಲ್ಲೇ ಕೂಸಿನ ಮುಂದೆ ಕೂತರು. ಒಂದೊಂದೇ ಪಿಚಕಾರಿ ತೆಗೆದು, ಒಂದೊಂದೇ ಪಿಚಕಾರಿ ತುಂಬಿ, ಎರಡು ಗಂಟೆ. ಪ್ರತಿ ಸಲದ್ದನ್ನೂ ನಾನು ಬರೆದುಕೊಳ್ಳುತ್ತಿದ್ದೆ. ಸಂಜೆಗೆ ಕೂಸಿನ ತುಟಿ ಕೆಂಪಾಯಿತು, ತಾಯಿಯ ಎದೆ ಚೀಪಿತು. ಬೋರಣ್ಣ ಎಲ್ಲಿಂದಲೋ ಬಾಳೆಹಣ್ಣು ತಂದು ಎಲ್ಲರಿಗೂ ಹಂಚಿದ. ನಾನೂ ತಿಂದೆ.

ಶುಕ್ರವಾರ ಬೆಳಿಗ್ಗೆ ಹಳದಿ ಮತ್ತೆ ಏರಿತು. ಹಣೆಯಿಂದ ಎದೆಗೆ, ಎದೆಯಿಂದ ಅಂಗಾಲಿಗೆ. ಎರಡನೇ ಸಲ ರಕ್ತ ಬದಲಿಸಬೇಕು, ಡಾಕ್ಟರು ಮತ್ತೆ ಕೊಡುವ ಹಾಗಿರಲಿಲ್ಲ. ಡಾಕ್ಟರ ಹಳೆಯ ಪಟ್ಟಿಯಲ್ಲಿ ಹೊಂದುವವನು ಹತ್ತಿರಕ್ಕೆ ಒಬ್ಬನೇ ಇದ್ದ, ಚಿಕ್ಕಜಾಜೂರಿನ ರೈಲ್ವೆಯ ಮಾರಪ್ಪ. ಬುಧವಾರವೇ ಕಳಿಸಿದ್ದ ತಂತಿ ಅವನಿಗೆ ಮುಟ್ಟಿರಲಿಲ್ಲ, ಜೀಪು ಓಡಿತು. ಮಾರಪ್ಪ ಹಳಿ ರಿಪೇರಿಗೆಂದು ಟ್ರಾಲಿಯಲ್ಲಿ ಹೋಗಿದ್ದ. ಹುಡುಕಿ ಕರೆತರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಮೈತುಂಬ ಗ್ರೀಸು, ಬೆವರು, ಆ ಮನುಷ್ಯ ಮೆಟ್ಟಿಲು ಹತ್ತುತ್ತಲೇ ತೋಳು ಮಡಚಿಕೊಂಡು ಬಂದ. ಕೂಸು ಹನ್ನೊಂದೂವರೆಗೆ ಬೆನ್ನು ಸೆಟೆದು, ಹಾಲು ಬಿಟ್ಟು, ಹೋಗಿತ್ತು.

“ಮೂರು ದಿನ ಮೊದಲು ಹೇಳಿದ್ರೆ ಊರಲ್ಲೇ ಇರ್ತಿದ್ನಲ್ಲ ಸ್ವಾಮಿ” ಎಂದ ಮಾರಪ್ಪ. ಅವನಿಗೆ ಏನೂ ತಿಳಿಯದು, ಸುಮ್ಮನೆ ಅಂದ ಮಾತು.

ಆ ಮಧ್ಯಾಹ್ನ ವರಾಂಡದಲ್ಲಿ ಡಾಕ್ಟರು ತಮ್ಮ ದೊಡ್ಡ ಪಟ್ಟಿ ಬಿಚ್ಚಿಕೊಂಡು ಕೂತಿದ್ದರು. ನನ್ನನ್ನು ಕರೆದು, “ಇದರಾಗೆ ನೀವು ಕಳಿಸಿದ್ದು ನೂರ ಹದಿನೆಂಟು ಐತೆ. ಇಂಥದ್ದು ಇನ್ನೆಷ್ಟು?” ಎಂದರು.

“ಇನ್ನೊಂದೂ ಇಲ್ಲ ಸಾರ್. ನನ್ನ ಮಕ್ಕಳಾಣೆ.”

“ಇರಬೌದು. ನಾನು ನಿಮ್ಮನ್ನ ನಂಬ್ತೀನಿ. ಆದ್ರೆ ಈ ಪಟ್ಟಿ ನಂಬೋ ಹಂಗಿಲ್ಲ.” ಸ್ಕೇಲ್ ಇಟ್ಟು ನನ್ನ ಹಳ್ಳಿಗಳ ಸಾಲುಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದರು. ಅವರ ಇಡೀ ಕೆಲಸದ ಮೂರನೇ ಒಂದು ಭಾಗ ಅದು. ದೆಹಲಿಗೆ ಹೋಗಲಿಲ್ಲ. ಸೂಜಿಮದ್ದಿನ ಅರ್ಜಿ ಎರಡು ವರ್ಷ ಹಿಂದಕ್ಕೆ ಬಿತ್ತು. ನನ್ನ ಮೇಲೆ ದೂರು ಬರೆಯಲಿಲ್ಲ. ನಾನೇ ಬರೆದುಕೊಟ್ಟೆ, ಮೇಲಿನವರು ಒಂದು ಎಚ್ಚರಿಕೆಯ ಕಾಗದ ಕಳಿಸಿ ಕೈತೊಳೆದುಕೊಂಡರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮವ್ವ ಹೇಳುತ್ತಿದ್ದಳು. ಆ ಗಾದೆಯಲ್ಲಿ ಕೂಸಿನ ಮಾತು ಇಲ್ಲ.

ಹನುಮಮ್ಮನಿಗೆ ಹೇಳದೆ ಇರಬಹುದಿತ್ತು. ಯಾರೂ ಹೇಳು ಎನ್ನಲಿಲ್ಲ. ಕೆಂಚಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತು, ತನ್ನಿಂದಲೇ ಆಯಿತೆಂದು ಎದೆ ಬಡಿದುಕೊಳ್ಳುತ್ತಿದ್ದಳು. ಯಲ್ಲಕ್ಕ ಅವಳ ಕೈ ಹಿಡಿದುಕೊಂಡಿದ್ದಳು. ತಪ್ಪು ಆ ಮುದುಕಿಯ ತಲೆಗೆ ಹೋಗುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಮಂಚದ ಪಕ್ಕ ಕೂತೆ. ಸೀಸೆಯ ಮೇಲೆ ಯಾರ ಹೆಸರು ಬರೆದೆ, ಕರಪತ್ರದಲ್ಲಿ ಏನಿತ್ತು, ಎರಡನೇ ಸಲ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ, ಎಲ್ಲ ಹೇಳಿದೆ. ನನ್ನ ಹೊಗಳಿಕೆಯ ಆಸೆಯನ್ನೂ ಹೇಳಿದೆ. ಅವಳು ಎದೆಯ ಹಾಲು ತೊಟ್ಟಿಕ್ಕದಂತೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದಳು. ಕಣ್ಣು ಮೇಲಿನ ತೊಲೆಯ ಮೇಲಿತ್ತು. ಎದ್ದು ಹೊಡೆಯಲಿ ಎಂದು ನಾನು ಕಾದೆ.

“ನಂಗೊತ್ತಿತ್ತು” ಎಂದಳು. “ಅವತ್ತು ನೀವು ಜಗಲಿ ಮೇಲೆ ಯಲ್ಲಿ ಕೈಗೆ ಚುಚ್ಚಾವಾಗ ನಾನು ಬಾಗಿಲ ಹಿಂದೇನೇ ಇದ್ದೆ.”

ತಲೆ ತಿರುಗಿಸಿ ನನ್ನ ಕಡೆ ನೋಡಿದಳು.

“ರವಿಕೆ ತೋಳು ಮೇಲೆ ಮಾಡ್ಕಂಡು ನಿಂತಿದ್ದೆ ಕಣ್ರಿ. ಯಾರಾದ್ರೂ ಕರೀತಾರೆ ಅಂತ. ಎಲ್ಡು ಕೂಸು ಕಳಕಂಡೋಳು ನಾನು, ಒಂದು ಚಮಚ ಏನು, ಒಂದು ಬಿಂದಿಗೆ ಕೊಡ್ತಿದ್ದೆ. ಅತ್ತೆ ಬ್ಯಾಡ ಅಂದ್ಳು, ನೀವು ಆತು ಅಂದ್ರಿ. ಇಬ್ರಾಗೆ ಒಬ್ರೂ ಒಳಗೆ ಬಂದು, ಏನೇ ಹನುಮಿ, ನೀ ಕೊಡ್ತೀಯಾ ಅಂತ ನನ್ನ ಕೇಳ್ಲಿಲ್ಲ.”